ಸಾವಿರ ಕಡೆ ಸಲ್ಲಿಸಿದ ಹೆಸರು

ಸಹೃದಯರಾದ ವಾಚಕ ಮಹಾಶಯರೇ, ಜಿಪ್ಪು, ಗುಂಡಿಗಳನ್ನು ಮಾರುತ್ತ ಊರಿಂದೂರಿಗೆ ತಿರುಗುವ ನನ್ನಂಥವನ ಮಾತಿಗೂ ತಾವು ಕೊಂಚ ಹೊತ್ತು ಕಿವಿಗೊಡಬೇಕೆಂದು ವಿನಯಪೂರ್ವಕವಾಗಿ ಅರಿಕೆ ಮಾಡಿಕೊಳ್ಳುತ್ತೇನೆ. ಬಳ್ಳಾರಿಯ ಆ ಜೀನ್ಸ್ ಹೊಲಿಯುವ ಮನೆಯ ಹೊಸ್ತಿಲನ್ನು ನಾನು ದಾಟಿದಾಗ ಯಂತ್ರಗಳೆಲ್ಲ ನಿಂತಿದ್ದವು. ಕಟಿಂಗ್ ಮೇಜಿನ ಮೇಲಿದ್ದ ಫೋನೊಂದೇ ಗಟ್ಟಿಯಾಗಿ ಮಾತನಾಡುತ್ತಿತ್ತು.

"ಮೇಡಂ, ನಿಮ್ಮ ವೆಬ್‌ಸೈಟನ್ನ ಸಾವಿರ ಸರ್ಚ್ ಇಂಜಿನ್‌ಗೆ ಸಬ್‌ಮಿಟ್ ಮಾಡಿದೀವಿ. ಇವತ್ತು ಪ್ಯಾಕೇಜ್ ಮುಗಿಯುತ್ತೆ. ರಿನ್ಯೂ ಮಾಡ್ಲಿಲ್ಲ ಅಂದ್ರೆ ನಿಮ್ಮ ಹೆಸರು ಎಲ್ಲಾ ಕಡೆಯಿಂದ ಅಳಿಸಿಹೋಗುತ್ತೆ."

ಆ ಮನೆಯ ಒಡತಿ ನಾಗಲಕ್ಷ್ಮಿ ಮೇಜಿಗೆ ಒರಗಿ ನಿಂತಿದ್ದಳು. "ಸಾವಿರ ಕಡಿ ಕಳಿಸೀವಿ ಅಂತೀರಿ. ಪ್ಯಾಂಟು ಬೇಕು ಅಂತ ಒಬ್ಬರರ ಫೋನ್ ಮಾಡ್ಯಾರೇನ್ರಿ? ಬಂದ ಫೋನೆಲ್ಲಾ ನಿಮ್ಮಂಥವ್ರವ. ಒಬ್ಬ ಎರಡು ಸಾವಿರ ಕಡಿ ಕಳಿಸ್ತೀನಿ ಅಂತಾನ, ಇನ್ನೊಬ್ಬ ನಿಮ್ಮನ್ನ ನಂಬರ್ ಒನ್ ಮಾಡ್ತೀನಿ ಅಂತಾನ."

"ಅವರಿಗೇ ಒಂದೊಂದು ಪ್ಯಾಂಟು ಮಾರಿದ್ರ ಈಸೊತ್ತಿಗೆ ಮನಿ ಖಾಲಿ ಆಗ್ತಿತ್ತು ನೋಡವ್ವ," ಎಂದಳು ಹೊನ್ನೂರಮ್ಮ. ಕುರುಗೋಡಿನಿಂದ ದಿನಾ ಬಸ್ಸಿನಲ್ಲಿ ಬಂದು ಹೊಲಿಯುವ ಹಿರಿಯಳು ಆಕೆ. ಉಳಿದ ಹೆಂಗಸರು ಸೆರಗು ಬಾಯಿಗಿಟ್ಟುಕೊಂಡು ನಕ್ಕರು. ನಾಗಲಕ್ಷ್ಮಿ ನಗಲಿಲ್ಲ. "ಆಮ್ಯಾಲೆ ಮಾಡ್ರಿ," ಎಂದು ಫೋನಿಟ್ಟಳು.

ಅವಳ ಅವಸ್ಥೆ ನನಗೆ ತಿಳಿಯದ್ದಲ್ಲ. ಬಹುಕಾಲ ಅವಳು ಸಗಟು ವ್ಯಾಪಾರಿ ಚಿದಾನಂದಪ್ಪನವರು ಕೊಟ್ಟ ಬಟ್ಟೆಯನ್ನು ಹೊಲಿದು, ಅವರದೇ ಲೇಬಲ್ ಹಚ್ಚಿ ಕಳಿಸುತ್ತಿದ್ದವಳು. ಹೋದ ವರ್ಷ ಧೈರ್ಯ ಮಾಡಿ ತಾಯಿಯ ಹೆಸರಿನಲ್ಲಿ 'ಪಂಪಾವತಿ ಜೀನ್ಸ್' ಎಂಬ ಸ್ವಂತ ಲೇಬಲ್ ನೇಯಿಸಿದಳು. ಹೊಲಿದ ಮಾಲು ಗೋಡೆಯುದ್ದಕ್ಕೂ ಏರಿತೇ ಹೊರತು ಕೊಳ್ಳುವವರು ಬರಲಿಲ್ಲ. ಈಗ ಚಿದಾನಂದಪ್ಪನವರು ಕಡೆಯ ಮಾತು ಹೇಳಿ ಕಳಿಸಿದ್ದರು: ಇಂದು ಬಟ್ಟೆ ಬರುತ್ತದೆ; ಇಳಿಸಿಕೊಂಡರೆ ತಮಗೊಬ್ಬರಿಗೇ ಹೊಲಿಯಬೇಕು, ಪಂಪಾವತಿ ನಿಲ್ಲಬೇಕು.

"ಸಿರುಗುಪ್ಪದ ಗವಿಸಿದ್ದಪ್ಪನವರು ತಮ್ಮ ಬಟ್ಟಿ ಅಂಗಡಿಗೆ ನೇರ ಮಾಲು ಹುಡುಕಾಕತ್ಯಾರ್ರಿ," ಎಂದೆ ನಾನು. "ನಿಮ್ಮ ಹೆಸರು ಹೇಳಿದ್ದೆ. ಫೋನ್‌ನಾಗ ಎಷ್ಟು ಹುಡುಕಿದ್ರೂ ಸಿಗವಲ್ದು, ವಿಳಾಸ ಕಳಿಸಾಕ ಹೇಳು ಅಂದ್ರು."

"ಸಿಗವಲ್ದಾ? ಸಾವಿರ ಕಡಿ ಐತಂತಲ್ಲ ಅಣ್ಣ!"

ಅವಳು ತನ್ನ ವೆಬ್‌ಸೈಟನ್ನು ತೆರೆದು, ವಿಳಾಸವನ್ನು ನಕಲು ಮಾಡಲೆಂದು ಅದರ ಮೇಲೆ ಬೆರಳು ಒತ್ತಿ ಹಿಡಿದಳು. ಅಕ್ಷರ ಬೆರಳಿಗೆ ಹತ್ತಲಿಲ್ಲ. ಮತ್ತೆ ಒತ್ತಿದಳು. ಇಡೀ ಪುಟವೇ ಒಂದು ಹಾಳೆಯಂತೆ ಅತ್ತಿತ್ತ ಸರಿದಾಡಿತು. ಪಕ್ಕದಲ್ಲಿಯೇ ಫ್ಲೆಕ್ಸ್ ಅಂಗಡಿ ಇಟ್ಟಿದ್ದ ತಮ್ಮನನ್ನು ಕೂಗಿದಳು.

"ಲೇ ಹಂಪೇಶ, ಇದನ್ನ ಹೆಂಗ ಮಾಡೀದಿ?"

"ಉದ್ಘಾಟನೆಗೆ ಫ್ಲೆಕ್ಸ್ ಹಾಕಿದ್ದಿಲ್ಲೇನಕ್ಕ, ಅದ ಇದು. ಚಂದ ಬಂದಿತ್ತು, ಹಂಗ ಏರಿಸೀನಿ."

ನಾನೂ ಇಣುಕಿದೆ. ನಡುವೆ ಕೈಮುಗಿದು ನಿಂತ ನಾಗಲಕ್ಷ್ಮಿ, ಸುತ್ತ ಹೂಮಾಲೆಯ ಅಂಚು, ಕೆಳಗೆ 'ಶುಭ ಕೋರುವವರು' ಎಂದು ಬಂಧುಬಳಗದ ಸಾಲು, ಆ ಸಾಲಿನಲ್ಲಿ ಕಪ್ಪು ಕನ್ನಡಕದ ಸೋದರಮಾವ.

"ಇದರಾಗ ಅಕ್ಷರ ಎಲ್ಲದಾವ?"

"ಇಷ್ಟಿಷ್ಟು ದಪ್ಪ ಅದಾವಲ್ಲಕ್ಕ!"

"ಮಂದಿಗೆ ಕಂಡ್ರೇನು ಬಂತು? ಎಲ್ಲಾ ಕೂಡಿ ಒಂದು ಫೋಟೋ ಇದು. ನನ್ನ ಬೆರಳಿಗೇ ಸಿಗವಲ್ದು, ಹುಡುಕೋ ಮಿಷಿನ್ನಿಗೆ ಹೆಂಗ ಸಿಗಬೇಕು?"

ಅಷ್ಟರಲ್ಲಿ ಆ ಪ್ಯಾಕೇಜಿನ ಮನುಷ್ಯ ಮತ್ತೆ ಕರೆ ಮಾಡಿದ. ನಾಗಲಕ್ಷ್ಮಿಯ ದನಿ ಏರಲಿಲ್ಲ. "ಸಾವಿರ ಕಡಿ ಕಳಿಸೋ ಮುಂಚೆ ಒಮ್ಮೆರ ತೆರೆದು ನೋಡಿದ್ರೇನ್ರಿ?"

"ನೋಡೋದು ಈ ಪ್ಯಾಕೇಜಲ್ಲಿ ಬರಲ್ಲ ಮೇಡಂ. ಸಬ್‌ಮಿಟ್ ಮಾಡೋದು ಮಾತ್ರ."

"ಅಳಿಸಿ ಹೋಗ್ತೈತಿ ಅಂದ್ರಲ್ಲ, ಹೋಗ್ಲಿ ಬಿಡ್ರಿ. ಅಲ್ಲಿ ಇದ್ದಿದ್ರಲ್ಲ ಹೋಗಾಕ."

ಹಂಪೇಶ ಮೂಲೆಯಲ್ಲಿ ಕುಳಿತು ಬಹಳ ಹೊತ್ತು ಫೋನನ್ನು ತಿರುವಿಹಾಕಿದ. ಕಡೆಗೆ ತಲೆಯೆತ್ತದೆ ಹೇಳಿದ: "ಅಕ್ಷರ ಟೈಪ್ ಮಾಡಿ ಹಾಕಿದ್ರ ಹುಡುಕೋ ಮಿಷಿನ್ನು ತಾವಾಗೇ ಬಂದು ಓದ್ಕೊಂಡು ಹೋಗ್ತಾವಂತಕ್ಕ. ಬೇಕಂದ್ರ ನಾವ ಪುಕ್ಕಟೆ ತಿಳಿಸಬೌದಂತ. ನಡುವೆ ಯಾರೂ ಬೇಕಾಗಿಲ್ಲಂತ."

"ಯಾವಾಗ ಬರ್ತಾವಂತ?"

"ಅದು ಹೇಳಾಕ ಬರಂಗಿಲ್ಲ. ವಾರನೂ ಆಗಬೌದು, ತಿಂಗಳೂ ಆಗಬೌದು."

ಬಾಗಿಲ ಮುಂದೆ ಆಟೋ ನಿಂತಿತು. ಚಿದಾನಂದಪ್ಪನವರ ಆಳು ಬಟ್ಟೆಯ ಗಂಟಿಗೆ ಕೈಹಚ್ಚಿ, ಇಳಿಸಲೋ ಬೇಡವೋ ಎಂಬಂತೆ ನೋಡಿದ. ಹೆಂಗಸರು ಒಡತಿಯ ಮುಖ ನೋಡಿದರು. ನಾಗಲಕ್ಷ್ಮಿ ಗೋಡೆಯುದ್ದಕ್ಕಿದ್ದ ಮಾಲಿನ ಕಡೆ ಒಮ್ಮೆ ಕಣ್ಣು ಹಾಯಿಸಿದಳು.

"ಇಳಿಸ್ರಿ."

"ನಮ್ಮ ಪಂಪಾವತಿ?" ಎಂದಳು ಹೊನ್ನೂರಮ್ಮ, ಮೆಲ್ಲಗೆ.

"ನೀವು ನಾಳೆ ಕುರುಗೋಡಿಂದ ಬಂದು ಸುಮ್ನ ಕುಂದ್ರಬೇಕೇನು ಯವ್ವ? ಮಿಷಿನ್ ಹಚ್ರಿ."

ಒಂದೊಂದಾಗಿ ಯಂತ್ರಗಳು ಸದ್ದು ಮಾಡತೊಡಗಿದವು. ನಾನು ಜಿಪ್ಪಿನ ಕಟ್ಟುಗಳನ್ನು ಎಣಿಸದೆ ಚೀಲಕ್ಕೆ ತುಂಬಿದೆ. ಲೇಬಲ್ಲಿನೊಡನೆ ಜಿಪ್ಪನ್ನೂ ಚಿದಾನಂದಪ್ಪನವರೇ ಕಳಿಸುತ್ತಿದ್ದರು, ಅಲ್ಲಿ ಇನ್ನು ನನಗೆ ವ್ಯಾಪಾರವಿರಲಿಲ್ಲ. ಚೀಲ ಹೆಗಲಿಗೇರಿಸಿ ಹೊರಟವನನ್ನು ನಾಗಲಕ್ಷ್ಮಿ ತಡೆದಳು. ಮಾಲಿನಿಂದ ಒಂದು ಪ್ಯಾಂಟು ಎಳೆದು, ಅದರ ಜೇಬಿನ ಬಿಳಿ ಬಟ್ಟೆಯನ್ನು ಹೊರಕ್ಕೆ ಮಗುಚಿ, ತಮ್ಮನ ಮಾರ್ಕರಿನಿಂದ ತನ್ನ ಫೋನ್ ನಂಬರನ್ನು ಬರೆದು ನನ್ನ ಕೈಗಿತ್ತಳು. "ಗವಿಸಿದ್ದಪ್ಪನವರಿಗೆ ತೋರಿಸಣ್ಣ," ಎಂದು ಕಟಿಂಗ್ ಮೇಜಿಗೆ ಮರಳಿದಳು.

ಮಸಿ ಇನ್ನೂ ಹಸಿಯಾಗಿತ್ತು. ಜೇಬನ್ನು ಒಳಗೆ ತಳ್ಳದೆ, ಪ್ಯಾಂಟನ್ನು ತೋಳ ಮೇಲೆ ಹರವಿಕೊಂಡು, ನಾನು ಸಿರುಗುಪ್ಪದ ಬಸ್ಸು ಹಿಡಿಯಲು ಬಿಸಿಲಿಗಿಳಿದೆ.