ಅಪ್ಪ ನಿದ್ದೆಹೋದ ಕಾರು

ಟೆರೇಸಾ ಡೆಟ್ರಾಯಿಟ್‌ನ ಒಂದು ಕಾರು ಪತ್ರಿಕೆಗೆ ಬರೆಯುತ್ತಿದ್ದಳು. ಆ ವಾರ ಭಾರಿ ವೇಗದ ಎರಡು ಎಸ್‌ಯುವಿಗಳನ್ನು, ಒಂದು ಅಮೆರಿಕದ್ದು, ಇನ್ನೊಂದು ಜರ್ಮನಿಯದು, ಓಡಿಸಿ ಹೋಲಿಸಬೇಕಿತ್ತು. ಮೂವತ್ತು ವರ್ಷ ಅಲ್ಲಿನ ಕಾರು ಕಾರ್ಖಾನೆಯಲ್ಲಿ ಎಂಜಿನ್ ಜೋಡಿಸಿ ಬೆನ್ನು ಸವೆಸಿಕೊಂಡಿದ್ದ ಅಪ್ಪ ಲುಡ್ವಿಕ್‌ನನ್ನೂ ಜೊತೆಗೆ ಕರೆದೊಯ್ದಳು.

ಅಮೆರಿಕದ ಕಾರು ಗುಡುಗುತ್ತ ನುಗ್ಗಿದಾಗ ಅವನ ಮುಖ ಅರಳಿತು. “ನೋಡು, ಎಂಜಿನ್ ಅಂದ್ರೆ ಇದು. ಆ ಜರ್ಮನಿದು ಬರೀ ಶೋಕಿ ಕಣೇ,” ಎಂದ.

“ಕೂತು ನೋಡಪ್ಪ, ಆಮೇಲೆ ಬೈಯುವೆಯಂತೆ.”

ಗೊಣಗುತ್ತಲೇ ಕೂತ. ಸರೋವರದ ಅಂಚಿನ ತಿರುವುಗಳಲ್ಲಿ ಜರ್ಮನಿಯ ಕಾರು ಸ್ವಲ್ಪವೂ ಓಲಾಡಲಿಲ್ಲ. ಮೂರನೆಯ ತಿರುವಿಗೆ ಅಪ್ಪನ ಮಾತು ನಿಂತಿತು. ಟೆರೇಸಾ ನೋಡಿದರೆ ಅವನು ಬಾಯಿ ತೆರೆದುಕೊಂಡು ನಿದ್ದೆಹೋಗಿದ್ದ. ಬೆನ್ನುನೋವಿನಿಂದ ಎಷ್ಟೋ ತಿಂಗಳು ಸರಿಯಾಗಿ ಮಲಗದವನು. ಪರೀಕ್ಷೆ ಮುಗಿದರೂ ಅವಳು ವೇಗ ತಗ್ಗಿಸಿ ಅದೇ ದಾರಿಯಲ್ಲಿ ಇನ್ನೂ ಎರಡು ಸುತ್ತು ಹಾಕಿದಳು.

ಎಚ್ಚರವಾದ ಕೂಡಲೇ ಅವನು ನೆಟ್ಟಗೆ ಕೂತ. “ಏನಂತ ಬರೀತೀಯ?”

“ನೇರ ಓಟದಲ್ಲಿ ನಮ್ಮದು ಮುಂದೆ, ತಿರುವಿನಲ್ಲಿ ಅವರದು.”

“ನಾನು ನಿದ್ದೆ ಮಾಡಿದ್ದು ಬರೀಬೇಡ. ನನ್ನ ಜೊತೆ ಕೆಲಸ ಮಾಡಿದೋರೆಲ್ಲ ಓದ್ತಾರೆ.”

“ಬರೆಯಲ್ಲಪ್ಪ.”

ಅವನು ಸೀಟನ್ನು ಇನ್ನಷ್ಟು ಹಿಂದಕ್ಕೆ ಬಾಗಿಸಿಕೊಂಡ. “ಮನೆಗೆ ದೂರದ ದಾರೀಲೇ ಹೋಗು,” ಎಂದ.