ಎಡಗಾಲಿಯ ಗುಂಯ್

ಇದು ನಡೆದದ್ದು ನಡೆದ ಹಾಗೆಯೇ. ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ತಿಕೋಟಾದಲ್ಲಿ ನನ್ನ ಮಾತನ್ನು ಒಂದೇ ಸಲಕ್ಕೆ ನಂಬುವವರು ಯಾರೂ ಉಳಿದಿಲ್ಲ.

ತಪ್ಪು ನನ್ನದೇ. ಮೂರು ವರ್ಷ ಕಾಲೇಜಿಗೆ ಹೋಗಿ ಪದವಿ ತಂದೆನಾದರೂ ಚೆನ್ನಾಗಿ ಕಲಿತದ್ದು ಒಂದೇ, ಕಂಡವರ ದನಿಯನ್ನು ಅವರ ಹಾಗೆಯೇ ತೆಗೆಯುವುದು. ಮನುಷ್ಯರು ಮುಗಿದ ಮೇಲೆ ಮಿಕ್ಸರು, ಬೋರಿನ ಮೋಟಾರು. ಕೊನೆಗೆ ಅಮರಪ್ಪ ಮಾಮನ ಕಾರು.

ಆ ಹಳೆಯ ಬಿಳಿ ಕಾರೆಂದರೆ ಮಾಮನಿಗೆ ಪ್ರಾಣ. ಬೆಳಿಗ್ಗೆ ಎದ್ದು ಅದರ ಮೈ ಒರೆಸಿ, ಆಮೇಲೆ ತನ್ನ ಮುಖ ತೊಳೆಯುತ್ತಾನೆ. ಒಂದು ದಿನ ಹಿಂದಿನ ಸೀಟಿನಲ್ಲಿ ಕೂತು, ತುಟಿ ಅಲುಗಿಸದೆ 'ಗುಂಯ್ಯ್' ಎಂದೆ. ಮಾಮ ಬೆವೆತುಹೋದ. ನೇರ ವಿಜಯಪುರಕ್ಕೆ, ಸೊಲ್ಲಾಪುರ ರಸ್ತೆಯಲ್ಲಿ ಗ್ಯಾರೇಜು ಇಟ್ಟಿರುವ ಸೈಫುದ್ದೀನನ ಹತ್ತಿರ ಓಡಿಸಿದ.

ಸೈಫುದ್ದೀನ ಗಾಲಿ ಬಿಚ್ಚಿ ನೋಡಿದ. "ಏನೂ ಆಗಿಲ್ರಿ ಕಾಕಾ. ಎಡಗಾಲಿ ಬೇರಿಂಗ್ ಹೋದ್ರ ಬಲಕ್ಕ ತಿರುವಿದಾಗ ದನಿ ಜೋರಾಗತೈತಿ, ಎಡಕ್ಕ ತಿರುವಿದ್ರ ಕಡಿಮಿ ಆಗತೈತಿ. ಹಂಗೇನರ ಆದ್ರ ಬರ್ರಿ."

ಪಾಠ ಕಲಿತದ್ದು ಮಾಮನಲ್ಲ, ನಾನು. ಮರುವಾರದಿಂದ ಬಲ ತಿರುವಿಗೆ ಜೋರು, ಎಡ ತಿರುವಿಗೆ ಮೆಲ್ಲಗೆ. ಆರು ತಿಂಗಳಲ್ಲಿ ಮೂರು ಸಲ ಗಾಲಿ ಬಿಚ್ಚಿಸಿದೆ. ನಾಲ್ಕನೇ ಸಲ ಗುಂಯ್ ನಡುವೆ ಸೀನು ಬಂದು ಸಿಕ್ಕಿಬಿದ್ದೆ, ಸುದ್ದಿ ಸೈಫುದ್ದೀನನವರೆಗೂ ಹೋಯಿತು.

ಮಾಮನ ಮಗಳು ಶೈಲಶ್ರೀಯನ್ನು ಬಬಲೇಶ್ವರಕ್ಕೆ ಕೊಟ್ಟಿದೆ. ಏಳು ತಿಂಗಳು ತುಂಬಿ, ಸೀಮಂತ ನಡೆದು ಕುಬಸದ ಸೀರೆ ಉಟ್ಟಾಗಿತ್ತು. ಹೆರಿಗೆಗೆ ತವರಿಗೆ ಕರೆತರಬೇಕು. ಮರುದಿನ ಅಮಾವಾಸ್ಯೆಯಾದ್ದರಿಂದ ಅಂದೇ, ಹೊತ್ತು ಮುಳುಗುವುದರೊಳಗೆ, ಆಕೆ ತಿಕೋಟಾದ ಹೊಸ್ತಿಲು ತುಳಿಯಬೇಕು. ಮುಂಜಾನೆ ಮಾಮ, ರೇಣುಕವ್ವ ಅತ್ತಿ, ನಾನು ಹೊರಟೆವು.

ಊರು ದಾಟುವುದರೊಳಗೆ ಕೇಳಿಸಿತು. ಗುಂಯ್ಯ್. ಬಲಕ್ಕೆ ತಿರುಗಿದಾಗ ಜೋರು.

"ಮಾಮಾ, ಇದು ನಾನಲ್ರಿ."

"ಹೌದಪಾ, ಗಾಡಿನ ನಿನ್ನ ದನಿ ತಗದೈತಿ."

"ಖರೇನ ಬೇರಿಂಗ್ ಹೋಗೈತ್ರಿ. ಬಸರ ಹೆಂಗಸು ಕೂಡೂ ಗಾಡಿ ಇದು."

"ಬಾಯಾಗ ನೀರು ಹಾಕ್ಕೊಂಡು ಕುಂದ್ರಲೇ ಸಂಗು."

ಬಾಟಲಿ ಎತ್ತಿ ಬಾಯಿ ತುಂಬ ನೀರು ತುಂಬಿಕೊಂಡೆ. ದನಿ ನಿಲ್ಲಲಿಲ್ಲ.

ಅತ್ತಿ ನನ್ನ ಗಲ್ಲ ಹಿಡಿದು ನೋಡಿದಳು. "ಏನ್ರಿ, ಮೂಗಿನಾಗ ಮಾಡಾಕತ್ತಾನ."

ಮೂಗು ಹಿಡಿದುಕೊಂಡೆ. ಉಸಿರುಗಟ್ಟಿ ನೀರೆಲ್ಲ ಅತ್ತಿಯ ಹೊಸ ಸೀರೆಯ ಮೇಲಾಯಿತು. ಆಮೇಲೆ ನಡೆದ ಮಾತು ಬೇಡ. ಕೊನೆಗೆ, "ನನ್ನ ಇಳಿಸಿ ನೀವ ಓಡಿಸಿ ನೋಡ್ರಿ" ಎಂದೆ. ಮಾಮ ಸಂತೋಷದಿಂದ ಇಳಿಸಿದ.

ದ್ರಾಕ್ಷಿ ತೋಟದ ಬೇಲಿಯ ಪಕ್ಕ ನಿಂತೆ. ಗುಂಯ್ ದೂರ ಹೋಗುತ್ತ ಹೋಗುತ್ತ ಕರಗಿತು. ಹತ್ತು ನಿಮಿಷವಾಯಿತು, ಅರ್ಧ ತಾಸಾಯಿತು. ಮಾಮ ಫೋನು ಎತ್ತಲಿಲ್ಲ. ಅಷ್ಟರಲ್ಲಿ ಶೈಲಶ್ರೀಯ ಫೋನು ಬಂತು.

"ಸಂಗು, ಎಲ್ಲಿಗೆ ಬಂದೀರಿ? ನಾ ತಯಾರಾಗಿ ಕುಂತೇನಿ."

"ಬರಾಕತ್ತೇವಿ" ಎಂದೆ. ಫೋನು ಕಿಸೆಗೆ ಹಾಕಿದೆ.

ಅರ್ಧ ಓಡುತ್ತ ಅರ್ಧ ನಡೆಯುತ್ತ ಹೋದೆ. ಎರಡು ಕಿಲೋಮೀಟರು ಆಚೆ ಕಾರು ನಿಂತಿತ್ತು. ಅತ್ತಿ ಮುಳ್ಳುಜಾಲಿಯ ನೆರಳಲ್ಲಿ, ಮಾಮ ಎಡಗಾಲಿಯ ಎದುರು ಕುಕ್ಕುರುಗಾಲಲ್ಲಿ.

"ನೀ ಇಲ್ದಾಗೂ ಬಂತಲೇ" ಎಂದ, ನನ್ನ ಮುಖ ನೋಡದೆ. "ಫೋನ್ ಎತ್ತಾಕ ಕೈ ಏಳಲಿಲ್ಲ. ಇದರಾಗ ಶೈಲಾನ ಕುಂದರಸಾಂವ ಇದ್ನಿ."

ಗಾಲಿಯ ನಡುವೆ ಕೈ ಹತ್ತಿರ ಒಯ್ದರೆ ಸುಡುತ್ತಿತ್ತು. ಸೈಫುದ್ದೀನನಿಗೆ ಫೋನು ಹಚ್ಚಿದೆ. ನನ್ನ ಹೆಸರು ಕೇಳಿದ ಕೂಡಲೇ ಇಟ್ಟುಬಿಟ್ಟ. ಮಾಮ ಹಚ್ಚಿದ.

"ಸೈಫುದ್ದೀನ, ನಾ ಅಮರಪ್ಪ. ಬೇರಿಂಗ್ ಹೋಗೈತಿ."

"ಭಾರಿ ಸುಧಾರಿಸೀದಿ ಸಂಗು. ಕಾಕಾನ ಕೆಮ್ಮು ಒಂದು ಬಿಟ್ಟೀದಿ ನೋಡು."

ಅತ್ತಿ ಫೋನು ಕಸಿದುಕೊಂಡು ಬೈದಳು. "ಕಾಕಿ ದನಿ ಇನ್ನೂ ಚಲೋ ಐತಿ" ಎಂದು ಅವನು ನಕ್ಕ. ಮಾಮ ನಡುರಸ್ತೆಯಲ್ಲಿ ಕೈಚೆಲ್ಲಿ ನಿಂತ. ಆರು ತಿಂಗಳಲ್ಲಿ ನಾನು ಅವನ ದನಿಯನ್ನೂ ಅವನಿಗೆ ಉಳಿಸಿರಲಿಲ್ಲ. ಕೊನೆಗೆ ವಿಡಿಯೋ ಕಾಲ್ ಮಾಡಿ ಮಾಮನ ಮೀಸೆಯನ್ನೇ ತೋರಿಸಬೇಕಾಯಿತು. ದನಿಯ ಹಾಗೆ ಮೀಸೆಯನ್ನೂ ನಕಲು ಮಾಡುವುದು ನನ್ನಿಂದಾಗದು ಎಂದು ಸೈಫುದ್ದೀನನಿಗೆ ಗೊತ್ತಿತ್ತು.

ಸೈಫುದ್ದೀನ ಬೈಕಿನಲ್ಲಿ ಹೊಸ ಬೇರಿಂಗು, ಗಾಲಿ ಕೂರುವ ಹಬ್ಬು ಎರಡನ್ನೂ ಕಟ್ಟಿಕೊಂಡು ಬಂದ. ಜಾಕು ಕೊಟ್ಟು ಗಾಲಿಯನ್ನು ಮೇಲೆ ಕೆಳಗೆ ಹಿಡಿದು ಅಲುಗಿಸಿದ. ಕಟಕಟ ಎಂದಿತು. "ಇನ್ನ ಐದಾರು ಕಿಲೋಮೀಟರ್ ಹೋಗಿದ್ರ ಗಾಲಿ ನಿಮ್ಮ ಮುಂದ ಓಡ್ತಿತ್ರಿ" ಎಂದ. ಅತ್ತಿ ಸೆರಗು ಬಾಯಿಗೆ ಒತ್ತಿಕೊಂಡಳು. ಬಿಚ್ಚಿದ ಭಾಗವನ್ನು ಬೈಕಿನ ಮೇಲೆ ತಿಕೋಟಾದ ಲೇಥ್ ಅಂಗಡಿಗೆ ಒಯ್ದು, ಬೇರಿಂಗನ್ನು ಒತ್ತಿ ಬಿಡಿಸುವ ಪ್ರೆಸ್ಸಿಗೆ ಕೊಟ್ಟೆವು. ಹಳೆಯ ಬೇರಿಂಗಿನ ಬಳೆ ಹಬ್ಬಿಗೆ ಕಚ್ಚಿ ಕೂತು, ಉಕ್ಕು ಸುಟ್ಟು ನೀಲಿಯಾಗಿತ್ತು. ಹೊಸ ಎರಡನ್ನೂ ಕೂರಿಸಿ, ತಂದು, ನಟ್ಟು ಬಿಗಿದಾಗ ಮೂರೂವರೆ.

"ಹಬ್ ಹೊಸದಾತು, ಇನ್ನ ಹಬ್ಬ ಅನ್ರಿ" ಎಂದೆ. ಯಾರೂ ನಗಲಿಲ್ಲ.

ಶೈಲಶ್ರೀಯನ್ನು ಹಿಂದೆ ಅತ್ತಿಯ ಪಕ್ಕ ಕೂರಿಸಿಕೊಂಡು ಬಬಲೇಶ್ವರ ಬಿಟ್ಟಾಗ ಹೊತ್ತು ವಾಲಿತ್ತು, ಮುಳುಗಲು ಇನ್ನೂ ಒಂದು ತಾಸಿತ್ತು. ಕಾರು ಹತ್ತಿಯ ಹಾಗೆ ಹೋಗುತ್ತಿತ್ತು. ಮೊದಲ ಬಲ ತಿರುವು ಬಂತು. ಗುಂಯ್ಯ್.

"ಮಾಮಾ, ನಿಂದ್ರಸ್ರಿ. ಆಣಿ ಮಾಡ್ತೇನಿ, ನಾನಲ್ಲ."

ಮಾಮ ನಿಲ್ಲಿಸಿದ. ಜಿಗಿದು ಇಳಿದು, ಧೂಳಿನಲ್ಲಿ ಮೊಣಕಾಲೂರಿ ಹಬ್ಬಿಗೆ ಕೈ ಹಚ್ಚಿದೆ. ಬಿಸಿಯಿಲ್ಲ. ಗಾಲಿ ಎಳೆದೆ. ಜಗ್ಗಲಿಲ್ಲ. ಗುಂಯ್ ಮಾತ್ರ ಬರುತ್ತಲೇ ಇತ್ತು, ನಿಂತ ಗಾಡಿಯಿಂದ.

ತಲೆಯೆತ್ತಿದೆ. ಕಿಟಕಿಯಲ್ಲಿ ಮಾಮ, ತುಟಿ ಬಿಗಿದು ಕೂತಿದ್ದ. ಮೀಸೆಯ ಎರಡೂ ತುದಿ ನಡುಗುತ್ತಿದ್ದವು.

"ಆರು ತಿಂಗಳ ಕೇಳೇನಿ ಮಗನ, ಬಾಯಿಪಾಠ ಆಗೈತಿ" ಎಂದವನೇ ಸ್ಟೇರಿಂಗಿನ ಮೇಲೆ ಬಿದ್ದು ನಗತೊಡಗಿದ. ಶೈಲಶ್ರೀ ಹೊಟ್ಟೆ ಹಿಡಿದುಕೊಂಡು ನಕ್ಕಳು, ಅತ್ತಿ ನಕ್ಕಳು, ನಾನೂ ಧೂಳಿನಲ್ಲಿ ಕೂತೇ ನಕ್ಕೆ. ಆದರೆ ಮಾಮನ ನಗುವಿಗೆ ಬೇಲಿಯ ಮೇಲಿನ ಹಕ್ಕಿಗಳೆಲ್ಲ ಎದ್ದು ಹಾರಿದವು.