ಬಿಲ್ಲಿಗೆ ಗಂಜಿ ಹಚ್ಚಿದ ಗೋವಿಂದಪ್ಪ

ಗೋವಿಂದಪ್ಪ ಕಾಕಾ ಅಂಗಡಿಯ ಬಿಲ್ಲನ್ನು ಒಂದು ಕೈಯಿಂದ ತೆಗೆದುಕೊಂಡದ್ದನ್ನು ನಾನು ಇಂದಿಗೂ ಕಂಡಿಲ್ಲ. ಗೇಣುದ್ದದ, ಉಸಿರು ತಾಕಿದರೆ ಹಾರಿಹೋಗುವ ಆ ಕಾಗದದ ಚೂರಿಗೆ ಅವರು ಎರಡೂ ಅಂಗೈ ಚಾಚುತ್ತಾರೆ. ಮಗ್ಗದಿಂದ ಆಗಷ್ಟೇ ಕೊಯ್ದಿಳಿಸಿದ ಸೀರೆಯನ್ನು ಹೊತ್ತುಕೊಳ್ಳುವವರಂತೆ ಅದನ್ನು ಅಡ್ಡಲಾಗಿ ಹಿಡಿದು, ಬಾಗಿಲಿನ ಬೆಳಕಿಗೆ ಒಡ್ಡಿ, ಅಂಚನ್ನು ಹೆಬ್ಬೆರಳು ತೋರುಬೆರಳುಗಳ ನಡುವೆ ಒಮ್ಮೆ ಹೊಸೆದು ನೋಡಿ, ಆಮೇಲೆಯೇ ಕರಿ ಕೋಟಿನ ಒಳಜೇಬಿಗೆ ಇಳಿಸುತ್ತಾರೆ. ಮಡಚುವುದಿಲ್ಲ. ಮಡಚಿದರೆ ಗೆರೆ ಬೀಳುತ್ತದೆ, ಗೆರೆ ಬಿದ್ದಲ್ಲಿ ಅಕ್ಷರ ಸಾಯುತ್ತದೆ ಎಂಬುದು ಅವರ ಅನುಭವ.

ಆ ಕೋಟು ಅವರ ಮದುವೆಯದು. ಬೆಟಗೇರಿಯ ಬೇಸಿಗೆಯಲ್ಲಿ ನಾವೆಲ್ಲ ಬರೀ ಬನಿಯನ್ನಿನಲ್ಲಿ ಕೂತು ಬೀಸಣಿಗೆ ಆಡಿಸುವಾಗಲೂ ಕಾಕಾ ಕೋಟಿನ ಮೂರೂ ಗುಂಡಿ ಹಾಕಿಕೊಂಡೇ ಬರುತ್ತಾರೆ. ಅವರ ನಡಿಗೆಯನ್ನು ದೂರದಿಂದಲೇ ಗುರುತಿಸಬಹುದು: ಒಂದು ಕಾಲನ್ನು ಒತ್ತಿ, ಇನ್ನೊಂದನ್ನು ಸಡಿಲ ಬಿಟ್ಟು, ಮತ್ತೆ ಅದನ್ನೊತ್ತಿ ಇದನ್ನು ಬಿಟ್ಟು, ಮಗ್ಗದ ಕೆಳಗಿನ ಹಲಗೆಗಳನ್ನು ಈಗಲೂ ತುಳಿಯುತ್ತಿರುವಂತೆ ಬರುವ ನಡಿಗೆ. ನಲವತ್ತೆಂಟು ವರ್ಷ, ಮಗ್ಗದಡಿಗೆ ನೆಲದಲ್ಲಿ ತೋಡಿದ ಕುಣಿಯೊಳಗೆ ಕಾಲು ಇಳಿಬಿಟ್ಟು ನೇಯ್ದವರು. ಮಗ್ಗ ಬಿಚ್ಚಿ ಆರು ವರ್ಷವಾದರೂ ಆ ಕುಣಿಯನ್ನು ಅವರು ಮುಚ್ಚಿಸಿಲ್ಲ. ಯಾರು ಏನು ಕೇಳಿದರೂ ಅವರದು ಒಂದೇ ಮಾತು: "ಆಗ್ಲಿ, ಸಾವಕಾಶ ಆಗ್ಲಿ." ಮಳೆ ತಡವಾದರೂ ಅದೇ, ಶಿರಹಟ್ಟಿಯ ಬಸ್ಸು ತಪ್ಪಿದರೂ ಅದೇ.

ನಾನು ಕಿರಾಣಿ ಅಂಗಡಿಯವನು. ಏಳನೆಯ ಇಯತ್ತೆಗೆ ಶಾಲೆ ಬಿಟ್ಟು ತಕ್ಕಡಿ ಹಿಡಿದವನು, ಸಿಟ್ಟು ಮೂಗಿನ ತುದಿಯಲ್ಲಿ ಇಟ್ಟುಕೊಂಡವನು. ಇದನ್ನು ಊರೇ ಹೇಳುತ್ತದೆ, ನಾನು ಮುಚ್ಚಿಟ್ಟು ಫಲವಿಲ್ಲ. ಎರಡು ವರ್ಷದ ಹಿಂದೆ ಬಿಲ್ಲಿನ ಯಂತ್ರ ಇಟ್ಟೆ. ಇಟ್ಟ ದಿನದಿಂದ ಅಂಗಡಿಯ ಮುಂದೆ ಬಿಲ್ಲುಗಳ ಕಸ. ಗಿರಾಕಿಗಳು ಮೆಟ್ಟಿಲು ಇಳಿಯುವುದರೊಳಗೆ ಮುದ್ದೆ ಮಾಡಿ ಎಸೆಯುತ್ತಿದ್ದರು. ಕಾಕಾ ಒಬ್ಬರೇ ಕೇಳಿ ಪಡೆಯುತ್ತಿದ್ದರು. ಬೆಂಕಿಪೆಟ್ಟಿಗೆಗೆ ಬಿಲ್ಲು, ಅರಿಷಿಣಕ್ಕೆ ಬಿಲ್ಲು, ಒಂದು ಸಾಬಾನಿಗೆ ಬಿಲ್ಲು.

ಲಕ್ಷ್ಮೇಶ್ವರದಲ್ಲಿ ಹೊಲಿಗೆಯಂತ್ರ ಇಟ್ಟುಕೊಂಡಿರುವ ಅವರ ಮಗಳು ಭುವನೇಶ್ವರಿ ತಂದೆಯ ಮೊಬೈಲಿನಲ್ಲಿ ಒಂದು ಆ್ಯಪ್ ಹಾಕಿಕೊಟ್ಟಿದ್ದಳು. ಕೊಂಡ ಸಾಮಾನಿನ ಬಿಲ್ಲನ್ನು ಹದಿನೈದು ದಿನದೊಳಗೆ ಫೋಟೊ ಹಿಡಿದು ಕಳಿಸಿದರೆ ಪಾಯಿಂಟು ಬೀಳುತ್ತವೆ. ಪಾಯಿಂಟು ತುಂಬಿದರೆ ಅವರ ಯಾದಿಯಲ್ಲಿದ್ದ ವಸ್ತುವೊಂದು ಮನೆಗೆ ಬರುತ್ತದೆ. ಆ ಯಾದಿಯಲ್ಲಿ ಕಾಕಾ ಕಣ್ಣಿಟ್ಟದ್ದು ಒಂದು ಮಿಕ್ಸರಿನ ಮೇಲೆ.

ಅದಕ್ಕೆ ಕಾರಣ ಅವರ ಹೆಂಡತಿ ಮಲ್ಲವ್ವ ಚಿಗವ್ವನ ಬಲಗೈ. ಗಂಡ ನೇಯ್ದಷ್ಟೂ ವರ್ಷ ಆಕೆ ಪಕ್ಕದಲ್ಲಿ ಕೂತು ರಾಟಿ ತಿರುಗಿಸಿ ನೂಲು ಸುತ್ತಿಕೊಟ್ಟವಳು. ಮಗ್ಗ ನಿಂತಿತು, ಆಕೆಯ ಭುಜವೂ ನಿಂತಿತು; ಕೈ ಹೆಗಲಿನ ಮೇಲಕ್ಕೆ ಏಳುವುದಿಲ್ಲ, ಒರಳಿನಲ್ಲಿ ಶೇಂಗಾ ಚಟ್ನಿ ಕುಟ್ಟಲಾಗುವುದಿಲ್ಲ. ಮಗಳು ಮಿಕ್ಸರ್ ತಂದುಕೊಡುತ್ತೇನೆಂದಳು. ಕಾಕಾ ಒಪ್ಪಲಿಲ್ಲ. ಮಗ್ಗ ಬಿಚ್ಚಿದ ಮೇಲೆ ಹೆಂಡತಿಗೆ ತನ್ನ ಕೈಯ ದುಡಿಮೆಯಿಂದ ಒಂದು ಬಳೆಯನ್ನೂ ತಂದುಕೊಟ್ಟಿಲ್ಲ ಎಂಬುದು ಅವರನ್ನು ಒಳಗೇ ಕೊರೆಯುತ್ತಿತ್ತು.

"ಸಾಮಾನಿನ ರೊಕ್ಕ ಪಿಂಚಣಿದು, ಮಗಳದು. ಖರೆ. ಆದರ ಬಿಲ್ಲು ಕಾಯ್ದು, ತೀಡಿ, ಫೋಟೋ ಹಿಡದು ಕೂಡಿಸಿದ ಪಾಯಿಂಟು ನನ್ನ ಕೈಯಾಗಿಂದು. ಹೌದಲ್ರಿ ಸಾವಕಾರ್ರ?" ಎಂದು ಒಮ್ಮೆ ಕೇಳಿದರು. ನಾನು ಅವರ ಸಾಮಾನು ಕಟ್ಟಿಕೊಟ್ಟೆ.

ಮಲ್ಲವ್ವ ಚಿಗವ್ವ ಮಾತ್ರ ಅಂಗಡಿಗೆ ಬಂದಾಗಲೆಲ್ಲ ಕುಟುಕುತ್ತಿದ್ದಳು: "ಇವರ ಮಿಕ್ಸರ್ ಬರೂದ್ರಾಗ ನನ್ನ ಹಲ್ಲು ಉದರಿ ಹೋಗಿರ್ತಾವ ನೋಡಪಾ. ಆಮ್ಯಾಲೆ ಚಟ್ನಿ ಯಾರಿಗೆ, ಇವರ ಕೋಟಿಗೇನು?"

ಕಾಕಾನ ಬಿಲ್ಲಿನ ಹಟ ಊರಿಗೆ ಮೋಜಾಯಿತು. ಮುಂಡರಗಿಯ ಬೀಗರ ಮನೆಗೆ ಹೋದವರು ಅಲ್ಲಿಯ ಅಂಗಡಿಯಲ್ಲಿ ಹಣ್ಣು ಕೊಂಡು, ಬಿಲ್ಲು ಮರೆತು ಬಸ್ಸು ಹತ್ತಿ, ಬಸ್ಸು ಹೊರಟ ಮೇಲೆ ನೆನಪಾಗಿ ಇಳಿದು, ಅರ್ಧ ಹರದಾರಿ ಹಿಂದಕ್ಕೆ ನಡೆದು ಹೋಗಿದ್ದರಂತೆ. ಬಸ್ಸಿನ ಟಿಕೀಟನ್ನೂ ಫೋಟೊ ಹಿಡಿದು ಕಳಿಸಿದ್ದರು. ಆ್ಯಪ್ ಅದನ್ನು ತಿರಸ್ಕರಿಸಿದಾಗ, ಕಂಡಕ್ಟರನ ತಪ್ಪೇನೂ ಇಲ್ಲ ಎಂದು ತಾವೇ ಸಮಾಧಾನ ಹೇಳಿಕೊಂಡಿದ್ದರು.

ನನ್ನ ಅಂಗಡಿಗೆ ಮೂಟೆ ತಂದು ಹಾಕುವ ಟಂಟಂ ಗಾಡಿಯ ಮಹಬೂಬಸಾಬ ಒಂದು ದಿನ ಮೆಟ್ಟಿಲಿನ ಕಸವನ್ನು ತೋರಿಸಿ, "ಕಾಕಾ, ನಿಮ್ಮ ಮಿಕ್ಸರ್ ಇಲ್ಲೇ ಕಾಲಾಗ ಬಿದ್ದೈತಲ್ರಿ. ಒಂದು ಚೀಲ ತರ್ರಿ, ತುಂಬ್ರಿ, ವಾರದಾಗ ಮಿಕ್ಸರ್ ಏನು, ಫ್ರಿಜ್ಜೂ ಬರತೈತಿ" ಎಂದ.

ಕಾಕಾ ಬಗ್ಗಿ ನೋಡಲೂ ಇಲ್ಲ. "ಅವು ಮಂದಿವು" ಎಂದರು.

"ಮಂದಿ ಒಗದು ಹೋಗ್ಯಾರಲ್ರಿ!"

"ಒಗದರೂ ಮಂದಿವು ಮಂದಿವೇ, ಮಹಬೂಬ."

ಇಷ್ಟು ನೇರ ಮನುಷ್ಯನಿಗೆ ಒಂದು ಕಸುಬಿನ ಚಟವಿತ್ತು, ಅದೇ ಮುಳುವಾಯಿತು. ನೇಕಾರ ಒಂದೊಂದು ಸೀರೆ ಮುಗಿದಾಗಲೂ ಮಾಲಕನ ಮನೆಗೆ ಓಡುವುದಿಲ್ಲ. ಮಗ್ಗಕ್ಕೆ ಏರಿಸಿದ ಉದ್ದ ನೂಲಿನ ಹಾಸು ಪೂರ್ತಿ ನೇಯ್ದು, ತೀಡಿ, ಮಡಿಕೆ ಹಾಕಿ, ಅಮಾವಾಸ್ಯೆಗೋ ಹುಣ್ಣಿಮೆಗೋ ಎಲ್ಲವನ್ನೂ ಒಟ್ಟಿಗೆ ಒಪ್ಪಿಸುತ್ತಾನೆ. ಕಾಕಾ ಬಿಲ್ಲುಗಳನ್ನೂ ಹಾಗೆಯೇ ಕೂಡಿಡುತ್ತಿದ್ದರು. ಹದಿನಾಲ್ಕನೆಯ ದಿನ ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತು, ಹಿಂದೆ ಬಟ್ಟೆ ಬೀಳುತ್ತಿದ್ದ ಜಾಗದಲ್ಲಿ ಒಂದೊಂದೇ ಬಿಲ್ಲು ಹಾಸಿ, ಕಿಟಕಿಯ ಬೆಳಕಿನಲ್ಲಿ ಫೋಟೊ ಹಿಡಿಯುತ್ತಿದ್ದರು. "ಬಂದ ದಿನಾನ ಕಳಸ್ರಿ ಅಪ್ಪಾರ" ಎಂದು ಮಗಳು ಎಷ್ಟೋ ಸಲ ಹೇಳಿದ್ದಳು. "ಬಿಡಿ ಬಿಡಿಯಾಗಿ ಕೊಟ್ಟರ ಮಾಲಿಗೆ ಮಾನ ಇರಂಗಿಲ್ಲವಾ. ಆಗ್ಲಿ, ಸಾವಕಾಶ ಆಗ್ಲಿ."

ಕಳೆದ ಶ್ರಾವಣದಲ್ಲಿ ಆ್ಯಪಿನವರು ಪಾಯಿಂಟು ದುಪ್ಪಟ್ಟು ಮಾಡಿದರು. ನಾಗರಪಂಚಮಿಯ ಉಂಡಿಗೆಂದು ಕಾಕಾ ಶೇಂಗಾ, ಬೆಲ್ಲ, ಎಳ್ಳು, ಪುಟಾಣಿ, ಕೊಬ್ಬರಿ ಎಲ್ಲವನ್ನೂ ನನ್ನಲ್ಲೇ ಕೊಂಡರು. ಆ ಒಂದು ಕಟ್ಟು ಬಿಲ್ಲು ಕಳಿಸಿದರೆ ಮಿಕ್ಸರ್ ಬಂದಂತೆಯೇ. ಆದರೆ ಕೋಟಿನೊಳಗಿನ ಬೆವರಿಗೆ ಕಾಗದ ಮೆತ್ತಗಾಗಿತ್ತು, ಅಕ್ಷರ ಮಾಸಿದ್ದವು. ಮಾಸಿದ ಕಟ್ಟನ್ನು ನೋಡಿದ ನೇಕಾರನ ಕೈ ತನಗೆ ಗೊತ್ತಿದ್ದನ್ನೇ ಮಾಡಿತು. ಸಡಿಲಾದ ಎಳೆಗೆ ಬಲ ಬರಲೆಂದು ಹಚ್ಚುವ ತೆಳ್ಳನೆಯ ಗಂಜಿಯನ್ನು ಕಾಸಿ, ಬಿಲ್ಲುಗಳ ಬೆನ್ನಿಗೆ ಅರಿವೆಯಿಂದ ಸವರಿ, ನೆರಳಲ್ಲಿ ಒಣಗಿಸಿ, ಕೊನೆಗೆ ಕೆಂಡದ ಇಸ್ತ್ರಿ ಎಳೆದರು. ಆ ಕಾಗದದಲ್ಲಿ ಮಸಿ ಇರುವುದಿಲ್ಲ, ಕಾವು ತಗುಲಿಯೇ ಅಕ್ಷರ ಮೂಡುತ್ತದೆ ಎಂದು ಅವರಿಗೆ ಯಾರೂ ಹೇಳಿರಲಿಲ್ಲ. ಇಸ್ತ್ರಿ ಹಾದಲ್ಲೆಲ್ಲ ಬಿಲ್ಲು ಕಾಡಿಗೆಯಂತೆ ಕಪ್ಪಾಯಿತು. ಒಂದು ಕಪ್ಪಾದಾಗಲೇ ನಿಲ್ಲಿಸಬಹುದಿತ್ತಲ್ಲ ಎಂದು ನೀವು ಕೇಳಬಹುದು. ನೇಕಾರರು ಕಟ್ಟನ್ನು ಕಟ್ಟಾಗಿಯೇ, ಮೇಲೆ ಬಟ್ಟೆ ಹಾಸಿ ಇಸ್ತ್ರಿ ಮಾಡುತ್ತಾರೆ. ಬಟ್ಟೆ ಎತ್ತಿದಾಗ ಎಲ್ಲವೂ ಮುಗಿದಿತ್ತು.

ಇದೊಂದೂ ನನಗೆ ಗೊತ್ತಿರಲಿಲ್ಲ. ಪಂಚಮಿಯ ಹಿಂದಿನ ದಿನ, ಅಂಗಡಿಯಲ್ಲಿ ಕಾಲಿಡಲು ಜಾಗವಿಲ್ಲದಾಗ, ಕಾಕಾ ಆ ಕರಿ ಕಟ್ಟನ್ನು ಎರಡೂ ಅಂಗೈಯಲ್ಲಿ ಹಿಡಿದು ಬಂದು ನಿಂತರು.

"ಸಾವಕಾರ್ರ, ಇವನ್ನ ಇನ್ನೊಮ್ಮೆ ತೆಗದು ಕೊಡಾಕ ಬರತೈತೇನ್ರಿ?"

ನನ್ನದು ಕಡಿಮೆ ಬೆಲೆಯ ಯಂತ್ರ. ಹಳೆಯ ಬಿಲ್ಲು ಅದರಲ್ಲಿ ಉಳಿಯುವುದಿಲ್ಲ. ಅಷ್ಟನ್ನೇ ಹೇಳಬಹುದಿತ್ತು. ಬೆಳಗಿನಿಂದ ನಿಂತು ಕಾಲು ಬಾತಿದ್ದವು, ಒಬ್ಬಳು ಬೆಲ್ಲ ಜಿನುಗಿದೆಯೆಂದು ಜಗಳ ತೆಗೆದಿದ್ದಳು. ಎಲ್ಲ ಸಿಟ್ಟೂ ಆ ಮುದುಕನ ಮೇಲೆ ಮುರಿದು ಬಿತ್ತು.

"ಸರಿ ಅತ್ತಾಗ! ಗಿರಾಕಿ ನಿಂತಾವ ಕಾಣಂಗಿಲ್ಲ ನಿನಗ? ಪುಕ್ಕಟ ಮಿಕ್ಸರಿನ ಆಸೆಕ್ಕ ಬಿದ್ದು ನನ್ನ ತೆಲಿ ತಿಂತಿಯಲ್ಲೋ!"

ಹುಟ್ಟಿದಾಗಿನಿಂದ 'ರೀ' ಹಚ್ಚಿ ಮಾತಾಡಿಸಿದ ಹಿರಿಯನನ್ನು ಹಾಗೆ ಏಕವಚನದಲ್ಲಿ ಕರೆದೆ. ಸಾಲದೆಂದು ಆ ಕಟ್ಟನ್ನು ಕಸಿದು ಮೆಟ್ಟಿಲಿನಾಚೆ ಎಸೆದೆ. ಕಾಕಾ ಮೆಟ್ಟಿಲಿಳಿದು, ಕೋಟು ಮಣ್ಣಿಗೆ ತಾಗದಂತೆ ಹಿಡಿದು ಕುಕ್ಕರಗಾಲಲ್ಲಿ ಕೂತು, ಮಂದಿಯ ಬಿಳಿ ಬಿಲ್ಲುಗಳ ನಡುವಿನಿಂದ ತಮ್ಮ ಕರಿ ಬಿಲ್ಲುಗಳನ್ನಷ್ಟೇ ಒಂದೊಂದಾಗಿ ಆರಿಸಿಕೊಂಡರು. ಎದ್ದು ನಿಂತು ನನ್ನತ್ತ ನೋಡಿದರು.

"ಪುಕ್ಕಟ ಅಲ್ರಿ" ಎಂದರು. ಅಷ್ಟೇ.

ಆಮೇಲೆ ಹತ್ತು ದಿನ ಅವರು ಬರಲಿಲ್ಲ. ಹನ್ನೊಂದನೆಯ ದಿನ ಮಲ್ಲವ್ವ ಚಿಗವ್ವ ಎಡಗೈಯಲ್ಲಿ ಚೀಲ ಹಿಡಿದು ಬಂದು, ಗಂಜಿಯ ಕಥೆಯನ್ನೆಲ್ಲ ಹೇಳಿದಳು. ಹೇಳಿ, "ನನಗ ಮಿಕ್ಸರ್ ಬ್ಯಾಡೋ ಯಪ್ಪಾ. ಆ ಮನಶ್ಯಾ ಕುಣಿಯಾಗ ಕಾಲಿಟಗೊಂಡು ಸುಮ್ಮನ ಕುಂತಬಿಟ್ಟಾನ. ಮಗ್ಗ ಬಿಚ್ಚಿದಾಗ ಹಿಂಗ ಕುಂತಿದ್ದ" ಎಂದಳು. ಬಯ್ದಿದ್ದರೆ ಬಯ್ಯಿಸಿಕೊಳ್ಳುತ್ತಿದ್ದೆ, ಆಕೆ ಬಯ್ಯಲಿಲ್ಲ.

ಅಂದು ಮಧ್ಯಾಹ್ನ ನಾನು ಯಂತ್ರದ ಮುಂದೆ ಕೂತು, ಕಾಕಾ ಪಂಚಮಿಗೆ ಒಯ್ದದ್ದನ್ನು ನೆನಪಿದ್ದಷ್ಟು ಒತ್ತಿ, ಅದರ ಮೇಲೆ ಒಂದು ಎಣ್ಣೆ ಡಬ್ಬಿ, ಹತ್ತು ಕಿಲೊ ಸಕ್ಕರೆ, ಇನ್ನೂ ಏನೇನೋ ಸೇರಿಸಿ, ಮಿಕ್ಸರಿಗೆ ಸಾಲುವಷ್ಟು ಹೊಸ ಬಿಲ್ಲು ತೆಗೆದೆ. ತಪ್ಪೊಪ್ಪಿಗೆಗೆ ನನಗೆ ತಿಳಿದ ದಾರಿ ಅದೊಂದೇ. ಅವರ ಮನೆಗೆ ಹೋಗಿ, ಕುಣಿಯ ಅಂಚಿನಲ್ಲಿ ಕೂತವರ ಮುಂದೆ ಇಟ್ಟೆ. ಕಾಕಾ ಎರಡೂ ಕೈಯಲ್ಲಿ ತೆಗೆದುಕೊಂಡರು. ಬೆರಳಿಟ್ಟು ಸಾಲು ಸಾಲಾಗಿ ಓದಿದರು. ಒಂದು ಕಡೆ ಬೆರಳು ನಿಂತಿತು.

"ಎಣ್ಣಿ ಡಬ್ಬಿ ನಾ ಯಾವಾಗ ಒಯ್ದೆ ಸಾವಕಾರ್ರ?"

"ಒಯ್ದಿಲ್ಲ ಕಾಕಾ. ಇರ್ಲಿ, ಕಳಸ್ರಿ. ಯಾರು ನೋಡತಾರ?"

ಅವರು ಬಿಲ್ಲುಗಳ ಅಂಚನ್ನು ಸರಿಯಾಗಿ ಕೂಡಿಸಿದರು. ಸಿಟ್ಟಾಗಿರಲಿಲ್ಲ, ಸಿಟ್ಟಾಗಿದ್ದರೆ ನನಗೆ ಅರ್ಥವಾಗುತ್ತಿತ್ತು. "ನೇಯಲಾರದ ಸೀರಿಗೆ ಮಜೂರಿ ಹೆಂಗ ತಗೊಳ್ಲಿ?" ಎಂದು ಬಿಲ್ಲುಗಳನ್ನು ನನ್ನ ಕೈಗೇ ತಿರುಗಿಸಿದರು. ಆಮೇಲೆ, ನನ್ನ ಮುಖ ನೋಡಿ ಏನನ್ನಿಸಿತೋ, ಒಳಗೆ ಕೂಗಿದರು: "ಮಲ್ಲವ್ವಾ, ಸಾವಕಾರ್ರು ಬಂದಾರ, ಚಾ ಇಡು. ಸಾಬಾನು ತೀರೇತಿ ಅಂದಿದ್ಯಲ್ಲ? ನಾಳಿಂದ ಮತ್ತ ಸುರು ಮಾಡೂಣು. ಆಗ್ಲಿ, ಸಾವಕಾಶ ಆಗ್ಲಿ."

ಮತ್ತೆ ಸುರುವಾಯಿತು. ದುಪ್ಪಟ್ಟಿನ ಶ್ರಾವಣ ಅಷ್ಟರಲ್ಲೇ ಮುಗಿದುಹೋಯಿತು. ಬೆಂಕಿಪೆಟ್ಟಿಗೆ, ಅರಿಷಿಣ, ಸಾಬಾನುಗಳ ಲೆಕ್ಕದಲ್ಲಿ ಮಿಕ್ಸರ್ ಇರುವೆಯಂತೆ ಹತ್ತಿರ ಬಂತು. ನಾನು ಕೇಳುವ ಮುಂಚೆಯೇ ಬಿಲ್ಲು ಕೊಡುವುದನ್ನು ಕಲಿತೆ. ಅವರು ಬಿಲ್ಲನ್ನು ಬಂದ ದಿನವೇ ಕಳಿಸುವುದನ್ನು ಕಲಿತರು.

ಯುಗಾದಿ ಕಳೆದು ವಾರಕ್ಕೆ, ರಟ್ಟಿನ ಪೆಟ್ಟಿಗೆಯೊಂದನ್ನು ಎದೆಗೆ ಅವಚಿಕೊಂಡು ಕಾಕಾ ಅಂಗಡಿಗೆ ಬಂದರು. ಮೊದಲು ನನಗೆ ತೋರಿಸಿಯೇ ಮನೆಗೆ ಒಯ್ಯಬೇಕೆಂದು ಬಂದಿದ್ದರು. ಮಿಕ್ಸರನ್ನು ಹೊರತೆಗೆದು, ಅದರ ಹೊಳಪಿನಲ್ಲಿ ತಮ್ಮ ಮುಖ ನೋಡಿ, ಪೆಟ್ಟಿಗೆಯ ತಳದಲ್ಲಿದ್ದ ಕಾಗದವನ್ನು ಎರಡೂ ಅಂಗೈಯಲ್ಲಿ ಎತ್ತಿ ನನ್ನ ಮುಂದೆ ಹಿಡಿದರು. ಮಿಕ್ಸರಿನ ಬಿಲ್ಲು. ಮೇಲೆ ಅವರ ಹೆಸರು, ಬೆಟಗೇರಿಯ ವಿಳಾಸ. ಇಂಗ್ಲಿಷ್ ನನಗೂ ಅಷ್ಟಕ್ಕಷ್ಟೇ. ಆದರೆ ಕೆಳಗೆ, ಬೆಲೆಯ ಜಾಗದಲ್ಲಿ ಇದ್ದದ್ದು ಸೊನ್ನೆ.

"ಸೊನ್ನಿ ಅಲ್ರಿ ಅದು?" ಎಂದರು ಕಾಕಾ.

"ಹೌದ್ರಿ."

"ಅಂದ್ರ… ಪುಕ್ಕಟ ಅಂತ ಬರದಾರ."

ಎರಡು ವರ್ಷದ ದುಡಿಮೆಯ ಕೆಳಗೆ ಯಾರೋ ಕಾಣದವರು ನಾನು ಅಂದು ಮಂದಿಯ ಮುಂದೆ ಆಡಿದ ಮಾತನ್ನೇ ಅಚ್ಚೊತ್ತಿ ಕಳಿಸಿದ್ದರು. ಕಾಕಾನ ಬೆರಳು ಆ ಸೊನ್ನೆಯ ಮೇಲೆ ನಿಂತುಬಿಟ್ಟಿತ್ತು. ನನ್ನ ತಲೆಗೆ ರಕ್ತ ಏರಿತು. ಆ ಕಾಗದವನ್ನು ಕಸಿದು ಎರಡು ಹೋಳಾಗಿ ಹರಿದೆ. ಮತ್ತೂ ಹರಿಯುತ್ತಿದ್ದೆ, ಅವರ ಕೈ ನನ್ನ ಮಣಿಕಟ್ಟನ್ನು ಹಿಡಿಯಿತು. ಎಪ್ಪತ್ತರ ಹತ್ತಿರದ ಆ ಕೈಯಲ್ಲಿ ಅಷ್ಟು ಬಲವಿದ್ದೀತೆಂದು ನಾನು ಎಣಿಸಿರಲಿಲ್ಲ.

"ಹರೀಬ್ಯಾಡ್ರಿ, ಶಿವಯೋಗಿ" ಎಂದರು. ಮೊದಲ ಸಲ ನನ್ನ ಹೆಸರು ಹಿಡಿದು ಕರೆದರು.

ಎರಡೂ ಹೋಳುಗಳನ್ನು ಗಲ್ಲಾಪೆಟ್ಟಿಗೆಯ ಮೇಲೆ ಇಟ್ಟು, ಹರಿದ ಅಂಚಿಗೆ ಹರಿದ ಅಂಚನ್ನು ಕೂಡಿಸಿ, ನಡುವಿನ ಬಿರುಕು ಕಾಣದಂತೆ ಹೆಬ್ಬೆರಳಿನಿಂದ ತೀಡಿದರು. ಅಂಟು ಕೇಳಿದರು, ಕೊಟ್ಟೆ. ಸೊನ್ನೆ ಸರಿಯಾಗಿ ಅರ್ಧ ಹರಿದಿತ್ತು, ಅದನ್ನೂ ಸೊನ್ನೆಯಾಗಿಯೇ ಕೂಡಿಸಿದರು. "ಸುಳ್ಳ ಬರದಾರ, ಬರಕೊಳ್ಲಿ. ಹರದದ್ದನ್ನ ಹಂಗ ಬಿಟ್ಟು ಹೋಗಾಕ ನನಗ ಬರಂಗಿಲ್ಲ." ಅದನ್ನು ಕೋಟಿನ ಒಳಜೇಬಿಗೆ ಇಳಿಸಿ, ಪೆಟ್ಟಿಗೆ ಹೊತ್ತು, ಒಂದು ಕಾಲನ್ನು ಒತ್ತಿ ಒಂದನ್ನು ಬಿಟ್ಟು ಮನೆಯತ್ತ ನಡೆದರು. ಸಂಜೆಗೆ ಮಲ್ಲವ್ವ ಚಿಗವ್ವ ಸ್ಟೀಲಿನ ಡಬ್ಬಿಯಲ್ಲಿ ಶೇಂಗಾ ಚಟ್ನಿ ಕಳಿಸಿದಳು. ಉಪ್ಪು ತುಸು ಹೆಚ್ಚಾಗಿತ್ತು.

ಕೈಕಸುಬಿನ ಮಂದಿಯನ್ನು ನಾನು ಹುಟ್ಟಿದಾಗಿನಿಂದ ನೋಡುತ್ತಾ ಬಂದಿದ್ದೇನೆ. ನೋಡಿದ್ದು ಎಷ್ಟು ಕಡಿಮೆ ಎಂಬುದು ಈಗ ತಿಳಿಯುತ್ತಿದೆ. ಮಗ್ಗ ಮಾರಿಹೋದರೂ ಇವರ ಕೈಯಿಂದ ಕಸುಬು ಹೋಗುವುದಿಲ್ಲ. ಅದು ಕೆಲಸ ಹುಡುಕುತ್ತಾ ಅಲೆಯುತ್ತದೆ, ನೂಲು ಸಿಗದಿದ್ದರೆ ಕಾಗದವನ್ನೇ ಹಿಡಿಯುತ್ತದೆ, ಹಿಡಿದದ್ದನ್ನು ಅದೇ ಮರ್ಯಾದೆಯಿಂದ ನಡೆಸಿಕೊಳ್ಳುತ್ತದೆ. ಇವರು ಮಾಡಿದ್ದಕ್ಕೆ ಬೆಲೆ ಬರೆಯುವವರು ಯಾವಾಗಲೂ ಬೇರೆ ಎಲ್ಲೋ ಕೂತಿರುತ್ತಾರೆ, ಮತ್ತು ಬಹಳ ಸಲ ಸೊನ್ನೆಯನ್ನೇ ಬರೆಯುತ್ತಾರೆ. ಆ ಸೊನ್ನೆಯನ್ನು ಕಂಡು ನಮ್ಮಂಥವರು ಸಿಟ್ಟಿನಿಂದ ಹರಿಯುತ್ತೇವೆ. ಅವರು ಅದನ್ನೂ ತೀಡಿ, ಅಂಚು ಕೂಡಿಸಿ, ಎದೆಯ ಹತ್ತಿರದ ಜೇಬಿನಲ್ಲಿ ಇಟ್ಟುಕೊಂಡು, ಮರುದಿನ ಬೆಳಿಗ್ಗೆ ಸಾಬಾನು ಕೊಳ್ಳಲು ಬಂದು, ಬಿಲ್ಲಿಗೆ ಎರಡೂ ಕೈ ಚಾಚುತ್ತಾರೆ.